ಬಿದ್ದ ಮೇಲೆ ಕೊಡುವ ದುಡ್ಡನ್ನು ಬೀಳದಂತೆ ಕೊಡಬಾರದೇ?

ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಮುಂಬೈಯಲ್ಲಿ ಮಹಾರಾಷ್ಟ್ರದ ವಸತಿ ಪ್ರಾಧಿಕಾರವಾದ ಮ್ಹಾಡಾದ ಒಂದು ಪಟ್ಟಿ ಹೊರಬೀಳುತ್ತದೆ. ದಕ್ಷಿಣ ಮುಂಬೈಯ ಹಳೆಯ ಕಟ್ಟಡಗಳಲ್ಲಿ ಯಾವುವು ಈ ಮಳೆಯನ್ನು ತಾಳಲಾರವು, ಎಲ್ಲಿರುವವರು ಕೂಡಲೇ ಜಾಗ ಖಾಲಿ ಮಾಡಬೇಕು ಎಂಬ ಪಟ್ಟಿ. ಇದರ ಬೇರು ಇರುವುದು 1969ರ ಕಾಯ್ದೆಯೊಂದರಲ್ಲಿ. ಆಗ ಇಂಥ 19,642 ಕಟ್ಟಡಗಳನ್ನು ಗುರುತಿಸಿ, ಅವುಗಳ ಮೇಲೆ ದುರಸ್ತಿ ಸೆಸ್ ಹಾಕಿ, ಅದಕ್ಕೆ ಸರ್ಕಾರದ ಹಣವನ್ನೂ ಸೇರಿಸಿ, ಬೀಳುವ ಮುಂಚೆಯೇ ರಿಪೇರಿ ಮಾಡಿಸಲು ಒಂದು ಮಂಡಳಿಯನ್ನೇ ಕಟ್ಟಲಾಯಿತು. ಮಂಡಳಿ ಹೇಗೆ ಕೆಲಸ ಮಾಡಿದೆ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅದರ ಹಿಂದಿನ ತತ್ವ ಸಣ್ಣದಲ್ಲ. ಖಾಸಗಿ ಮನೆಯಾದರೂ ಅದರೊಳಗಿನ ಜೀವ ಸಾರ್ವಜನಿಕ ಹೊಣೆ, ಆ ಹೊಣೆ ಕಟ್ಟಡ ಕುಸಿದ ಮೇಲಲ್ಲ, ಕುಸಿಯುವ ಮುಂಚೆಯೇ ಶುರುವಾಗುತ್ತದೆ ಎಂದು ಮುಂಬೈ ಐದು ದಶಕಗಳ ಹಿಂದೆಯೇ ಒಪ್ಪಿಕೊಂಡಿತು. ಇದೇ ತತ್ವವನ್ನು ಲಾತೂರು, ಧಾರಾಶಿವ, ಸೋಲಾಪುರ, ಕಲಬುರಗಿ, ಬೀದರ್, ವಿಜಯಪುರದ ಕಲ್ಲುಮನೆಗಳಿಗೆ ಅನ್ವಯಿಸಲು ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳು ಇಂದಿಗೂ ಸಿದ್ಧವಿಲ್ಲ. ಅಲ್ಲಿ ಮನೆ ಬಿದ್ದರೆ ಪರಿಹಾರ, ಜೀವ ಹೋದರೆ ಪರಿಹಾರ. ಬೀಳದಂತೆ ನೋಡಿಕೊಳ್ಳಲು ಒಂದು ಚೀಲ ಸಿಮೆಂಟಿಗೂ ಯೋಜನೆಯಿಲ್ಲ.

ಇದು ಅಳತೆ ಮೀರಿದ ಬೇಡಿಕೆ ಅನ್ನಿಸಿದರೆ ಕಿಲ್ಲಾರಿಯನ್ನು ನೆನೆಯಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, 6.2 ಪ್ರಮಾಣದ ಭೂಕಂಪ ಲಾತೂರಿನ ಔಸಾ ಮತ್ತು ಆಗಿನ ಉಸ್ಮಾನಾಬಾದಿನ (ಈಗಿನ ಧಾರಾಶಿವದ) ಉಮರ್ಗಾ ಸೀಮೆಯನ್ನು ನೆಲಸಮ ಮಾಡಿತು. ಸತ್ತವರು ಎಂಟು ಸಾವಿರದ ಆಸುಪಾಸು. ಉಮರ್ಗಾದ ಗಡಿ ದಾಟಿದರೆ ನಮ್ಮ ಬಸವಕಲ್ಯಾಣ, ಆಳಂದ. ಅಷ್ಟು ಪ್ರಮಾಣದ ಕಂಪನಗಳು ಜಗತ್ತಿನಲ್ಲಿ ಪ್ರತಿ ವರ್ಷ ಹತ್ತಾರು ಆಗುತ್ತವೆ. ಬಹುತೇಕವು ಸುದ್ದಿಯ ಮೂರನೇ ದಿನ ಮರೆತುಹೋಗುತ್ತವೆ. ಇಲ್ಲಿ ಎಂಟು ಸಾವಿರ ಜನ ಸತ್ತದ್ದು ಏಕೆಂದರೆ ಕಂಪನ ಆಳವಿಲ್ಲದ್ದು, ನಡೆದದ್ದು ರಾತ್ರಿ, ಎಲ್ಲಕ್ಕಿಂತ ಹೆಚ್ಚಾಗಿ ಜನ ಮಲಗಿದ್ದ ಗೋಡೆಗಳ ನಡುವೆ ಹಿಡಿತವೇ ಇರಲಿಲ್ಲ. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಮೊದಲನೇ ವಲಯದಲ್ಲಿತ್ತು, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ತಿದ್ದಿದಾಗ ಮೊದಲನೇ ವಲಯವನ್ನೇ ಕೈಬಿಟ್ಟು ಕಿಲ್ಲಾರಿ ಸೀಮೆಯನ್ನು ಮೂರನೆಯದಕ್ಕೆ ಏರಿಸಿದರು. ಮುಂಬೈಯನ್ನು ಇಟ್ಟದ್ದೂ ಮೂರರಲ್ಲೇ. ಅದೇ ನಕ್ಷೆಯಲ್ಲಿ ವಿಜಯಪುರ, ಸೋಲಾಪುರ ಮೂರರಲ್ಲಿದ್ದರೆ ಕಲಬುರಗಿ ಎರಡರಲ್ಲಿ ಉಳಿಯಿತು. ನಕ್ಷೆಯ ಬಣ್ಣ ನಂಬಿ ನೆಮ್ಮದಿಯಾಗಿ ಮಲಗಬಹುದೇ ಎಂಬುದಕ್ಕೆ ಕಿಲ್ಲಾರಿಗಿಂತ ಬೇರೆ ಉತ್ತರ ಬೇಕಿಲ್ಲ.

ಆ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಇಡೀ ವಾದ ನಿಂತಿರುವುದು ಅದರ ಹೊಟ್ಟೆಯೊಳಗೆ. ಬಯಲುಸೀಮೆಯ ಹಳೆಯ ಮನೆಯ ಗೋಡೆ ಎರಡಡಿಯಿಂದ ಹಿಡಿದು ನಾಲ್ಕು, ಐದಡಿ ದಪ್ಪದವರೆಗೂ ಇರುತ್ತದೆ. ಹೊರಗಿನಿಂದ ನೋಡಿದರೆ ಕೋಟೆಯ ಗೋಡೆ. ನಿಜದಲ್ಲಿ ಅದು ಒಂದು ಗೋಡೆಯಲ್ಲ, ಬೆನ್ನಿಗೆ ಬೆನ್ನು ಮಾಡಿ ನಿಂತ ಎರಡು ತೆಳು ಗೋಡೆಗಳು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು. ಕಾಣುವ ಮುಖವನ್ನು ಮಾತ್ರ ಚಾಣದಿಂದ ಹಸನು ಮಾಡಿರುತ್ತಾರೆ, ಹಿಂಬದಿ ಮೊನಚಾಗಿ ಒಳಕ್ಕೆ ಚಾಚಿರುತ್ತದೆ. ನಡುವಿನ ಸಂದಿಗೆ ಕಲ್ಲಿನ ಚಕ್ಕೆ ಮತ್ತು ಮಣ್ಣು ತುಂಬುತ್ತಾರೆ. ಈ ಮುಖದಿಂದ ಆ ಮುಖದವರೆಗೆ ಅಡ್ಡಲಾಗಿ ಹಾಯುವ ಉದ್ದ ಕಲ್ಲು ಅಲ್ಲಲ್ಲಿ ಇರಬೇಕು. ಅದೇ ಇರುವುದಿಲ್ಲ. ಭೂಮಿ ನಡುಗಿದಾಗ ಒಳಗಿನ ಚಕ್ಕೆ, ಮಣ್ಣು ಕೆಳಕ್ಕೆ ಕುಸಿಯುತ್ತಾ ಬೆಣೆಯ ಹಾಗೆ ಎರಡೂ ಮುಖಗಳನ್ನು ದೂಡುತ್ತದೆ. ಗೋಡೆಗೆ ಹೊಟ್ಟೆ ಬರುತ್ತದೆ, ಒಂದು ಮುಖ ಬೀದಿಗೂ ಇನ್ನೊಂದು ಹಾಸಿಗೆಯ ಮೇಲೂ ಬೀಳುತ್ತದೆ. ಗೋಡೆ ದಪ್ಪಗಿದ್ದಷ್ಟೂ ಬೀಳುವ ಕಲ್ಲು ಹೆಚ್ಚು, ಅಷ್ಟೇ. ಇನ್ನು ಮೇಲಿನ ಮಾಳಿಗೆ. ಕಂಬ, ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣು. ಬಿಸಿಲು ಒಳಗಿಳಿಯದಂತೆ ಹಾಕಿದ ಆ ಮಣ್ಣಿಗೆ ಸೋರಿದಾಗಲೆಲ್ಲ ಇನ್ನೊಂದು ಪದರ ಸೇರುತ್ತದೆ, ಅಜ್ಜನ ಕಾಲದ ಒಂದಡಿ ಮೊಮ್ಮಗನ ಕಾಲಕ್ಕೆ ಎರಡಡಿ. ಹತ್ತಡಿಗೆ ಹತ್ತಡಿಯ ಕೋಣೆಯ ಮೇಲೆ ಎರಡಡಿ ಮಣ್ಣೆಂದರೆ ಒಣಗಿದ್ದಾಗಲೇ ಸುಮಾರು ಒಂಬತ್ತು ಟನ್. ಮಳೆ ನೆಂದ ಮೇಲೆ ಇನ್ನೂ ಹೆಚ್ಚು.

ಆದರೆ ಕಿಲ್ಲಾರಿಯ ಅವಶೇಷಗಳಲ್ಲಿ ಎಂಜಿನಿಯರುಗಳು ಇನ್ನೊಂದನ್ನೂ ಕಂಡರು. ಸುತ್ತಲಿನ ಗೋಡೆಯೆಲ್ಲ ಬಿದ್ದರೂ ಮರದ ಕಂಬ ತೊಲೆಗಳ ಚೌಕಟ್ಟು ಹಲವು ಕಡೆ ನಿಂತೇ ಇತ್ತು. ಮಾಳಿಗೆಯ ಭಾರವನ್ನು ಹೊರುವುದು ಮುಖ್ಯವಾಗಿ ಆ ಕಂಬಗಳು, ಗೋಡೆಯಲ್ಲ. ಅಂದಮೇಲೆ ಹಳೆಯ ಮನೆಯಲ್ಲಿ ಎಲ್ಲವೂ ಕೆಟ್ಟದ್ದಲ್ಲ. ಉಳಿಸಿಕೊಳ್ಳಬೇಕಾದ ಒಂದು ಅಸ್ಥಿಪಂಜರ ಅದರೊಳಗಿದೆ. ಕೆಟ್ಟದ್ದನ್ನು ಸರಿಪಡಿಸುವುದು ಹೇಗೆ ಎಂಬುದನ್ನು ನಾವು ಯಾರಿಂದಲೂ ಎರವಲು ತರಬೇಕಾಗಿಲ್ಲ. ಕಿಲ್ಲಾರಿ ಕುಸಿದ ವರ್ಷವೇ ಭಾರತೀಯ ಮಾನಕ ಬ್ಯೂರೊ ಇಂಥ ದುರ್ಬಲ ಗೋಡೆಗಳಿಗೆಂದೇ ಐಎಸ್ 13828 ಎಂಬ ಮಾರ್ಗಸೂಚಿಯನ್ನೂ, ಹಳೆಯ ಕಟ್ಟಡಗಳನ್ನು ಬಲಪಡಿಸಲು ಐಎಸ್ 13935 ಅನ್ನೂ ಹೊರತಂದಿತು. ಕ್ರಮ ಸರಳ. ಗೋಡೆಯಿಂದ ಒಂದು ಕಲ್ಲನ್ನು ಮೀಟದೆ, ಹೊಡೆಯದೆ, ಮೆಲ್ಲಗೆ ಅಲುಗಾಡಿಸಿ ಹೊರತೆಗೆಯಬೇಕು. ಒಳಗಿನ ಮಣ್ಣು ಕೆರೆದು ಆಚೆ ಮುಖದ ಕಲ್ಲನ್ನೂ ಬಿಡಿಸಬೇಕು. ಎರಡು ತುದಿ ಅಗಲ, ನಡು ಕಿರಿದಾದ ತೂತು ಸಿಗುತ್ತದೆ. ಅದಕ್ಕೆ ಅರ್ಧ ಕಾಂಕ್ರೀಟು ತುಂಬಿ, ಎರಡೂ ತುದಿ ಕೊಕ್ಕೆ ಮಾಡಿದ 8 ಎಂಎಂ ಸಳಿ ಇಟ್ಟು, ಉಳಿದರ್ಧ ತುಂಬಿ, ಹತ್ತು ದಿನ ನೀರುಣಿಸಬೇಕು. ಅಡ್ಡಕ್ಕೂ ಉದ್ದಕ್ಕೂ ಸುಮಾರು ಮೀಟರಿಗೊಂದು ಇಂಥ ಕಟ್ಟು ಬಿದ್ದರೆ ಎರಡು ಗೋಡೆ ಒಂದಾಗುತ್ತದೆ. ಅದೇ ಹತ್ತಡಿ ಕೋಣೆಯ ನಾಲ್ಕೂ ಗೋಡೆಗೆ ಲೆಕ್ಕ ಹಾಕಿದರೆ ಮೂವತ್ತು ಚಿಲ್ಲರೆ ಕಟ್ಟುಗಳು, ಮೂರ್ನಾಲ್ಕು ಚೀಲ ಸಿಮೆಂಟು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ತಂತಿಜಾಲಿ ಮತ್ತು ಸಳಿ ಬಿಗಿದು ಸಿಮೆಂಟು ಗಿಲಾವು ಮಾಡಿದ ಪಟ್ಟಿ, ಮೂಲೆಗಳಲ್ಲಿ ಅದು ಕಡಿಯದೆ ತಿರುಗಬೇಕು. ಮಾಳಿಗೆಯ ಮಣ್ಣನ್ನು ಒಂದು ಗೇಣಿಗೆ ಇಳಿಸಿ ನೀರಿಳಿಯದಂತೆ ಹಾಳೆ ಹಾಸುವುದು. ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಒಂದೊಂದು ಮರದ ತುಂಡು ಬಿಗಿಯುವುದು. ಇಷ್ಟು ಮಾಡಿದರೆ ಮನೆ ಬಿರುಕೇ ಬಿಡುವುದಿಲ್ಲ ಎಂದಲ್ಲ. ಒಳಗಿದ್ದವರು ಎದ್ದು ಹೊರಗೋಡಲು ವೇಳೆ ಸಿಗುತ್ತದೆ, ಅದೇ ಗುರಿ.

ಇಷ್ಟೆಲ್ಲ ತೇಪೆ ಹಚ್ಚುವ ಬದಲು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿದರಾಯಿತಲ್ಲ ಎಂಬುದು ಮೊದಲ ಆಕ್ಷೇಪ. ಮುಂಬೈಯಲ್ಲಿ ದುಡಿದು ಊರಿಗೆ ದುಡ್ಡು ಕಳಿಸುವ ಬಹಳಷ್ಟು ಜನರ ಕನಸೂ ಅದೇ. ಸರಿಯಾಗಿ ಕಟ್ಟಿದ ಆರ್‌ಸಿಸಿ ಮನೆ ಕಲ್ಲುಮನೆಗಿಂತ ಭದ್ರ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಗಳಲ್ಲಿ ಆಗುತ್ತಿರುವುದು ಬೇರೆ. ಹಳೆಯ ಕಲ್ಲುಗೋಡೆಯನ್ನು ಹಾಗೇ ಉಳಿಸಿಕೊಂಡು, ಕಂಬ ಜಂತಿ ಕಿತ್ತು ಮಾರಿ, ಅದೇ ಗೋಡೆಯ ಮೇಲೆ ಸ್ಲ್ಯಾಬು ಸುರಿಯುತ್ತಾರೆ. ಎರಡಡಿ ಮಣ್ಣಿಗಿಂತ ಐದಿಂಚಿನ ಸ್ಲ್ಯಾಬು ಹಗುರವೇ ಇರಬಹುದು. ಆದರೆ ಗೋಡೆ ಬಿದ್ದರೂ ಮಾಳಿಗೆಯನ್ನು ಎತ್ತಿ ಹಿಡಿಯುತ್ತಿದ್ದ ಕಂಬಗಳು ಈಗ ಇಲ್ಲ. ಗೋಡೆ ಬಿಚ್ಚಿಕೊಂಡರೆ ಸ್ಲ್ಯಾಬು ಅಖಂಡವಾಗಿ ಕೆಳಗಿಳಿಯುತ್ತದೆ. ಇದು ಊಹೆಯಲ್ಲ. 1997ರಲ್ಲಿ ಇಟಲಿಯ ಉಂಬ್ರಿಯಾದಲ್ಲಿ ಭೂಕಂಪವಾದಾಗ, ಹಿಂದಿನ ಕಂಪನದ ನಂತರ ‘ಬಲಪಡಿಸುತ್ತೇವೆ’ ಎಂದು ಮರದ ಚಾವಣಿ ತೆಗೆದು ಕಲ್ಲುಗೋಡೆಯ ಮೇಲೆ ಕಾಂಕ್ರೀಟು ಚಾವಣಿ ಕೂರಿಸಿದ್ದ ಎಷ್ಟೋ ಮನೆಗಳು ಕೆಟ್ಟದಾಗಿ ಕುಸಿದವು. ಮೇಲಿನದು ಗಟ್ಟಿ, ಕೆಳಗಿನದು ಸಡಿಲ ಆದಾಗ ಆಗುವುದೇ ಹೀಗೆ. ಹೊಸ ಮನೆಗೆ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲು ಪ್ರದೇಶದಲ್ಲಿ ಕೊಡುವುದು 1.20 ಲಕ್ಷ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಎತ್ತು, ಕಾಳಿನ ಚೀಲ, ಮೂರು ತಲೆಮಾರು ಇರುವ ಒಕ್ಕಲುಮನೆ ಅದರಲ್ಲಿ ಹಿಡಿಸುವುದಿಲ್ಲ. ಹೀಗಾಗಿ ಹೊಸ ಮನೆ ಎದ್ದರೂ ಹಳೆಯದು ಖಾಲಿಯಾಗುವುದಿಲ್ಲ, ಬೇಸಿಗೆಯ ಮಧ್ಯಾಹ್ನ ಮುದುಕರು ಮಕ್ಕಳು ಮಲಗುವುದು ಅಲ್ಲೇ. ನಲವತ್ತು ಡಿಗ್ರಿ ದಾಟುವ ಕಲಬುರಗಿಯಲ್ಲಿ ಸ್ಲ್ಯಾಬಿನ ಕೆಳಗೆ ಮಧ್ಯಾಹ್ನ ಕಳೆಯಿರಿ ಎಂದು ಮುಂಬೈಯ ಫ್ಯಾನಿನ ಕೆಳಗೆ ಕೂತು ಹೇಳುವುದು ಸುಲಭ.

ಕಿಲ್ಲಾರಿಯ ನಂತರದ ಪುನರ್ವಸತಿಯಲ್ಲೇ ಎರಡೂ ದಾರಿಗಳ ಪರೀಕ್ಷೆ ನಡೆದುಹೋಗಿದೆ. ಪೂರ್ತಿ ನೆಲಕಚ್ಚಿದ ಐವತ್ತರಷ್ಟು ಹಳ್ಳಿಗಳನ್ನು ಬೇರೆ ಜಾಗಕ್ಕೆ ಎಬ್ಬಿಸಿ, ಗೆರೆ ಎಳೆದಂಥ ರಸ್ತೆ, ಸಾಲು ಮನೆ ಕಟ್ಟಲಾಯಿತು. ಜನ ಕೇಳಿದ್ದೂ ಅದನ್ನೇ. ಹೆಂಡತಿ ಮಕ್ಕಳನ್ನು ಕಲ್ಲಿನಡಿ ಕಳೆದುಕೊಂಡವನಿಗೆ ಕಲ್ಲು ಕಂಡರೆ ಭಯವಾಗುವುದು ಸಹಜ, ಆ ಭಯವನ್ನು ಅಜ್ಞಾನ ಎನ್ನುವುದು ಅಹಂಕಾರ. ಆದರೆ ವರ್ಷಗಳು ಕಳೆದಂತೆ ಜನಕ್ಕೆ ಜಾಗ ಸಾಲದಾದಾಗ, ಹೊಸ ಊರುಗಳಲ್ಲೂ ಹಳೇ ಊರಿನ ಕಲ್ಲು ತಂದು, ಅದೇ ಮಣ್ಣಿನಲ್ಲಿ, ಅದೇ ಅಡ್ಡಕಟ್ಟಿಲ್ಲದ ಗೋಡೆ ಎಬ್ಬಿಸಿದರು. ಭಯ ಹೋಯಿತು, ವಿದ್ಯೆ ಬಂದಿರಲಿಲ್ಲ. ಇನ್ನೊಂದು ದಾರಿ ಅಷ್ಟಾಗಿ ಫೋಟೋಗಳಲ್ಲಿ ಕಾಣಲಿಲ್ಲ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹದಿಮೂರು ಜಿಲ್ಲೆಗಳಲ್ಲಿ ಸುಮಾರು ಎರಡು ಲಕ್ಷ ಮನೆಗಳನ್ನು ಇದ್ದಲ್ಲೇ ದುರಸ್ತಿ, ಮರುನಿರ್ಮಾಣ, ಬಲವರ್ಧನೆ ಮಾಡುವ ಕಾರ್ಯಕ್ರಮ ಅದು. ಹಣ ಮನೆಯವರ ಕೈಗೆ ಕಂತಿನಲ್ಲಿ, ಗೌಂಡಿಯನ್ನು ಹಿಡಿಯುವವರು ಅವರೇ. ಮುಂಬೈಯ ಸ್ಪಾರ್ಕ್ ಸಂಸ್ಥೆಯ ಒಡಲಿನಿಂದ ಹುಟ್ಟಿದ, ಪ್ರೇಮಾ ಗೋಪಾಲನ್ ಮುನ್ನಡೆಸಿದ ಸ್ವಯಂ ಶಿಕ್ಷಣ ಪ್ರಯೋಗ ಆ ಹಳ್ಳಿಗಳ ಹೆಣ್ಣುಮಕ್ಕಳನ್ನೇ ಊರು ಮತ್ತು ಸರ್ಕಾರದ ನಡುವಿನ ಸಂವಾದ ಸಹಾಯಕಿಯರನ್ನಾಗಿ ನಿಲ್ಲಿಸಿತು. ಮುಂದೆ 2001ರ ಭುಜ್ ಭೂಕಂಪವಾದಾಗ ಅದೇ ಹೆಣ್ಣುಮಕ್ಕಳು ಕಛ್‌ಗೆ ಹೋಗಿ ಅಲ್ಲಿನವರಿಗೆ ತಮ್ಮ ಅನುಭವ ಹೇಳಿಬಂದರು. ವಿದ್ಯೆ, ಜನ, ಪದ್ಧತಿ ಎಲ್ಲ ಇತ್ತು. ಸಾಲದ ಅವಧಿ ಮುಗಿಯಿತು, ಕಾರ್ಯಕ್ರಮವೂ ಮುಗಿಯಿತು. ಗಡಿಯಾಚೆ ಆಳಂದಕ್ಕೆ, ಚಿಂಚೋಳಿಗೆ ಅದು ದಾಟಲೇ ಇಲ್ಲ.

ಭೂಕಂಪ ಅಲ್ಲಿ ನೂರು ವರ್ಷಕ್ಕೊಮ್ಮೆ, ಬರ ಎರಡು ವರ್ಷಕ್ಕೊಮ್ಮೆ. ಇದ್ದ ದುಡ್ಡು ಬರಕ್ಕೆ ಹೋಗಲಿ ಎನ್ನುವವರಿದ್ದಾರೆ. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ನೆಲ ಆಗಾಗ ಗುರುಗುಟ್ಟುತ್ತಿದೆ, ನಿಜ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಕಂಪನಗಳು ಒಂದರ ಹಿಂದೊಂದು ಬಂದಾಗ ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು, ಊರೇ ಬಿಟ್ಟವರೂ ಇದ್ದರು. 2022ರ ಜುಲೈನಲ್ಲಿ ವಿಜಯಪುರ ನಡುಗಿತು. ಇವು ನಾಲ್ಕರ ಆಸುಪಾಸಿನವು, ಇದರಿಂದ ದೊಡ್ಡದು ಬರುತ್ತದೆ ಎಂದು ಹೇಳಲು ಯಾವ ವಿಜ್ಞಾನಿಗೂ ಆಗದು, ಹೆದರಿಸಿ ವಾದ ಗೆಲ್ಲುವುದು ನನಗೂ ಬೇಡ. ನಿಜವಾದ ಉತ್ತರ ಮಳೆಯಲ್ಲಿದೆ. ಬಿಟ್ಟೂಬಿಡದೆ ನಾಲ್ಕು ದಿನ ಜಡಿಮಳೆ ಹಿಡಿದರೆ ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಗೋಡೆ ಕುಸಿದು ಸತ್ತವರ ಸುದ್ದಿ ತಪ್ಪದೆ ಬರುತ್ತದೆ. ನೆಂದ ಮಾಳಿಗೆ ಭಾರವಾಗಿ, ಗೋಡೆಯೊಳಗಿನ ಮಣ್ಣು ಕರಗಿ, ಹೊಟ್ಟೆ ಬಂದು ಬೀಳುತ್ತದೆ. ಭೂಕಂಪದಲ್ಲಿ ಕ್ಷಣದಲ್ಲಿ ಆಗುವುದು ಮಳೆಯಲ್ಲಿ ನಾಲ್ಕು ದಿನಕ್ಕೆ ಆಗುತ್ತದೆ, ರೋಗ ಒಂದೇ. ಮಣ್ಣು ಇಳಿಸಿ ಹಾಳೆ ಹಾಸಿದ ಮಾಳಿಗೆ, ಅಡ್ಡಕಟ್ಟು ಬಿದ್ದ ಗೋಡೆ ಎರಡಕ್ಕೂ ಔಷಧ. ನೂರು ವರ್ಷಕ್ಕೊಮ್ಮೆ ಬರುವ ಅಪಾಯಕ್ಕೆಂದು ಮಾಡಿದ ಖರ್ಚು ಮುಂದಿನ ಶ್ರಾವಣದಲ್ಲೇ ಒಂದು ಜೀವ ಉಳಿಸಬಲ್ಲದು. ಬಲಪಡಿಸಿದ್ದು ನಿಜಕ್ಕೂ ನಿಲ್ಲುತ್ತದೆಯೇ ಎಂದು ಕೇಳುವವರು ನೇಪಾಳವನ್ನು ನೋಡಲಿ. 2015ರ ಭೂಕಂಪದಲ್ಲಿ ಅಲ್ಲಿ ಐದು ಲಕ್ಷದಷ್ಟು ಮನೆಗಳು ನೆಲಕಚ್ಚಿದವು. ಮುಂಚೆಯೇ ಬಲಪಡಿಸಿದ್ದ ಶಾಲಾ ಕಟ್ಟಡಗಳು ನಿಂತವು.

ದುಡ್ಡು ಎಲ್ಲಿಂದ, ಕೆಲಸಗಾರರು ಎಲ್ಲಿಂದ? ದುಡ್ಡಿಗೆ ಲೆಕ್ಕಶೀರ್ಷಿಕೆ ಆಗಲೇ ಇದೆ. ಹದಿನೈದನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ರಷ್ಟನ್ನು ವಿಪತ್ತಿನ ನಂತರಕ್ಕಲ್ಲ, ಅದನ್ನು ತಗ್ಗಿಸುವ ಕೆಲಸಕ್ಕೇ ಮೀಸಲಿಡಲು ಹೇಳಿತು. ಕಲ್ಲುಮನೆಯ ಗೋಡೆ ಬಿಗಿಯುವುದಕ್ಕಿಂತ ಆ ಉದ್ದೇಶಕ್ಕೆ ಹತ್ತಿರದ ಕೆಲಸ ಯಾವುದಿದೆ? ಕೆಲಸಗಾರರ ವಿಷಯಕ್ಕೆ ಬಂದರೆ ಉತ್ತರ ಮುಂಬೈಯ ಕಣ್ಣೆದುರೇ ಇದೆ. ಈ ಮಹಾನಗರದ ಉಪನಗರಗಳಲ್ಲಿ, ನವಿ ಮುಂಬೈಯಲ್ಲಿ ಎದ್ದ ಟವರುಗಳ ಕೆಳಗೆ ಕೂಲಿಗಾಗಿ ಬೆಳಗಿನ ನಾಕಾಗಳಲ್ಲಿ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರು, ತಾಂಡಾಗಳಿಂದ ಬಂದ ಲಂಬಾಣಿಗರು ಎಷ್ಟೋ ಮಂದಿ. ಮೂರನೇ ವಲಯದ ನಿಯಮದಂತೆ ಕಂಬದ ರಿಂಗಿನ ತುದಿಯನ್ನು 135 ಡಿಗ್ರಿ ಬಗ್ಗಿಸಿ ಒಳಕ್ಕೆ ಮಡಚುವುದು ಏಕೆಂದು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ, ಆದರೆ ಬಗ್ಗಿಸಲು ಅವರ ಕೈಗೆ ಗೊತ್ತು. ಪರರ ಇಪ್ಪತ್ತನೇ ಮಹಡಿಯನ್ನು ಭೂಕಂಪಕ್ಕೆ ಸಿದ್ಧಗೊಳಿಸುವ ಆ ಕೈಗಳ ಸ್ವಂತ ಮನೆ ಊರಲ್ಲಿ ಒಂದು ಸಳಿಯೂ ಇಲ್ಲದೆ ನಿಂತಿದೆ. 1996ರ ಕಾಯ್ದೆಯಿಂದ ಶುರುವಾಗಿ ಕಟ್ಟಡಗಳ ವೆಚ್ಚದ ಮೇಲೆ ಶೇ 1ರ ಸೆಸ್ ಇವರ ಕಲ್ಯಾಣಕ್ಕೆಂದೇ ವಸೂಲಾಗುತ್ತಾ ಬಂದಿದೆ. ಆ ಹಣ ಖರ್ಚಾಗದೆ ಕೊಳೆಯುತ್ತಿರುವುದಕ್ಕೆ ಸುಪ್ರೀಂ ಕೋರ್ಟೇ ರಾಜ್ಯಗಳನ್ನು ತರಾಟೆಗೆ ತೆಗೆದುಕೊಂಡಿದೆ. ಹತ್ತು ದಿನದ ತರಬೇತಿ, ಪೊವಾಯಿಯ ಐಐಟಿಯಿಂದ ಒಬ್ಬ ಎಂಜಿನಿಯರು, ಒಂದು ಮಾದರಿ ಗೋಡೆ, ಕನ್ನಡದಲ್ಲಿ ಮಾತು. ಸಭಾಂಗಣ ಕೊಡಲು ಇಲ್ಲಿನ ಕನ್ನಡ ಸಂಘಗಳಿಗೆ ಕಷ್ಟವಾಗಬಾರದು. ಕರಾವಳಿಯವರ ಯಕ್ಷಗಾನ, ಸನ್ಮಾನಗಳಿಗೆ ತೆರೆಯುವಷ್ಟೇ ಸಲೀಸಾಗಿ ಆ ಬಾಗಿಲು ನಾಕಾದ ಕನ್ನಡಿಗನಿಗೂ ತೆರೆಯಲಿ ಎಂದು ಕೇಳುವುದು ತಪ್ಪಲ್ಲ.

ಗಟ್ಟಿಯಾದ ಆಕ್ಷೇಪ ಉಳಿದಿರುವುದು ಒಂದೇ, ಅದನ್ನು ಮುಂಬೈಯೇ ಒದಗಿಸುತ್ತದೆ. ಸೆಸ್ ಕಟ್ಟಡಗಳಿಗೆ ಇಷ್ಟು ವರ್ಷ ದುರಸ್ತಿ ಮಾಡಿದಿರಲ್ಲ, ಬೀಳುವುದು ನಿಂತಿತೇ? ನಿಂತಿಲ್ಲ. 2017ರ ಆಗಸ್ಟ್ 31ರಂದು ಭಿಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಕಡೆ ದುರಸ್ತಿ ಎಂದರೆ ಊರುಗೋಲು ಕೊಟ್ಟು, ಗಿಲಾವು ಮೆತ್ತಿ, ಸುಣ್ಣ ಬಳಿದು ಬಿಲ್ಲು ಮಾಡುವುದಾಯಿತು. ಹಳ್ಳಿಯಲ್ಲಿ ಇದು ಇನ್ನೂ ಸುಲಭ: ಗೋಡೆಯೊಳಗೆ ಹೋದ ಸಳಿಯನ್ನು ಯಾರು ನೋಡಿದರು? ಅದಕ್ಕೇ ಗುತ್ತಿಗೆದಾರನ ಕೈಗೆ ಈ ಕೆಲಸ ಕೊಡಬಾರದು ಎನ್ನುವುದು. ಮನೆಯವರೇ ಮಾಡಿಸಲಿ, ಕಂತು ಕಂತಾಗಿ ಹಣ ಬರಲಿ, ಪ್ರತಿ ಅಡ್ಡಕಟ್ಟಿನ ತುದಿಯನ್ನು ಗಿಲಾವು ಮಾಡದೆ ಬಣ್ಣ ಬಳಿದು ಹಾಗೇ ಕಾಣಲು ಬಿಡಲಿ. ಗೋಡೆಯ ಮೇಲಿನ ಕೆಂಪು ಚುಕ್ಕೆಗಳನ್ನು ಎಣಿಸಲು ಎಂಜಿನಿಯರು ಬೇಕಿಲ್ಲ, ಸ್ವಸಹಾಯ ಸಂಘದ ಹೆಣ್ಣುಮಗಳು ಸಾಕು. ಚುಕ್ಕೆಯ ಹಿಂದೆ ಸಳಿ ಇದೆಯೋ ಇಲ್ಲವೋ ಎಂಬುದಕ್ಕೆ ಕಾಂಕ್ರೀಟು ತುಂಬುವ ದಿನ ಪಕ್ಕದ ಮನೆಯವರು ನಿಂತಿರಬೇಕು, ಅವರ ಸಹಿ ಇಲ್ಲದೆ ಮುಂದಿನ ಕಂತಿಲ್ಲ. ಅವರೂ ತಮ್ಮ ಸರದಿಗೆ ಕಾಯುತ್ತಿರುವುದರಿಂದ ಕಣ್ಣು ಚುರುಕಾಗಿಯೇ ಇರುತ್ತದೆ. ಮೋಸ ಪೂರ್ತಿ ನಿಲ್ಲದು. ಆದರೆ ಮುಂಬೈಯಲ್ಲಿ ಬಾಡಿಗೆದಾರ, ಮಾಲೀಕ, ಮಂಡಳಿ ಮೂವರೂ ಇನ್ನೊಬ್ಬರ ಮುಖ ನೋಡುವಂಥ ಗೊಂದಲ ಹಳ್ಳಿಯಲ್ಲಿಲ್ಲ. ಅಲ್ಲಿ ಮಲಗುವವನೇ ಮಾಲೀಕ.

ಶುರು ಮಾಡಲು ಇಡೀ ಕಲ್ಯಾಣ ಕರ್ನಾಟಕ ಬೇಡ. ಆಳಂದ, ಬಸವಕಲ್ಯಾಣ, ಚಿಂಚೋಳಿ ಮೂರೇ ತಾಲ್ಲೂಕು, ಊರಿಗೊಂದು ಶಾಲೆ, ಒಂದು ಅಂಗನವಾಡಿ, ಮುದುಕರೇ ಉಳಿದಿರುವ ಹತ್ತು ಮನೆ. ತೊಡಕಿರುವುದು ಪಂಚಾಂಗದಲ್ಲಿ. ಮಾಳಿಗೆಯ ಮಣ್ಣು ಬಿಚ್ಚಲು ಆಗುವುದು ಫೆಬ್ರವರಿಯಿಂದ ಮೇವರೆಗೆ, ರಾಶಿ ಮುಗಿದು ಮಳೆ ಬರುವ ಮುಂಚೆ. ಸರಿಯಾಗಿ ಅದೇ ತಿಂಗಳುಗಳಲ್ಲಿ ಊರಿನ ಗಟ್ಟಿ ಕೈಗಳೆಲ್ಲ ಮುಂಬೈಯ ನಾಕಾದಲ್ಲಿರುತ್ತವೆ, ಮರಳುವುದು ಬಿತ್ತನೆಗೆ. ಉದ್ಯೋಗ ಖಾತ್ರಿಯ ಕೂಲಿಗೆ ಸೆಂಟ್ರಿಂಗ್, ಸಳಿ ಕೆಲಸ ಬಲ್ಲವನು ಇಲ್ಲಿಂದ ರೈಲು ಹತ್ತುವುದಿಲ್ಲ, ಹತ್ತಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಯೋಜನೆ ಬರೆಯುವವರು ಮೊದಲು ಗೊತ್ತುಮಾಡಬೇಕಾದ ಅಂಕಿ ಸಿಮೆಂಟಿನದಲ್ಲ, ಕೂಲಿಯದು. ಅದು ಮುಂಬೈಯ ದಿನಗೂಲಿಗೆ ಸಮನಾಗಿರಬೇಕು, ಹೋಗಿಬರುವ ರೈಲಿನ ಖರ್ಚನ್ನೂ ಸೇರಿಸಿ.